ಅರ್ಜಿಯೂ ಜವಾಬೂ: ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರ ಚರಿತ್ರೆಯಿಂದ ಒಂದು ಪಾಠ



ಈ ತಿಂಗಳ ಪಾಠದಲ್ಲಿ ನಮ್ಮ ಕೋಲಾರ ಸೀಮೆಯಲ್ಲಿಯೇ ಹುಟ್ಟಿ, ವಕೀಲರ ವಿದ್ಯೆಯನ್ನು ಕಲಿತು, ಮೈಸೂರು ಸಂಸ್ಥಾನದ ಮೊದಲನೆಯ ಮುಖ್ಯಮಂತ್ರಿಗಳಾದ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರ ಚರಿತ್ರೆಯನ್ನು ವಿಚಾರಿಸುವೆವು. ಅವರ ಹೆಸರನ್ನು ಶಾಲೆಯ ಮಕ್ಕಳು ಪರೀಕ್ಷೆಗೋಸ್ಕರ ಬಾಯಿಪಾಠ ಮಾಡುವದುಂಟು. ಆದರೆ ಅವರು ಏನನ್ನು ಕೇಳಿದರು, ಅದು ಹೇಗೆ ದೊರೆಯಿತು, ದೊರೆತದ್ದರಿಂದ ಮಾಲೂರಿನಲ್ಲಿಯೂ ಮುಳಬಾಗಿಲಿನಲ್ಲಿಯೂ ಶ್ರೀನಿವಾಸಪುರದಲ್ಲಿಯೂ ಕೂಲಿಮಾಡಿ ಬದುಕುವ ನಮ್ಮಂಥವರಿಗೆ ಬಂದದ್ದೇನು ಎಂದು ಕೇಳಿದರೆ ಹಿರಿಯರು ಕೂಡ ಸುಮ್ಮನಾಗುವರು. ಪಾಠವು ಸ್ವಲ್ಪ ಉದ್ದವಾಗಿರುವದರಿಂದ ಇದನ್ನು ಎರಡು ಸಂಜೆಗಳಲ್ಲಿ ಓದಬಹುದು. ಓದುಬಾರದವರಿಗೆ ಓದುಬಲ್ಲವರು ನಿಧಾನವಾಗಿ ಓದಿ ಹೇಳಲಿ.

ಮೊದಲು ಒಂದು ಮಾತಿನ ಗೊಂದಲವನ್ನು ಬಿಡಿಸಬೇಕು. ನಮ್ಮ ಊರುಗಳಲ್ಲಿ ಕಾಂಗ್ರೆಸ್ಸಿನವರು ಎಂದರೆ ಒಂದು ರಾಜಕೀಯ ಪಕ್ಷಕ್ಕೆ ಸೇರಿದವರು. ಅಮೆರಿಕಾ ದೇಶದಲ್ಲಿ ಆ ಮಾತಿನ ಅರ್ಥವೇ ಬೇರೆ. ಅಲ್ಲಿ ಕಾಂಗ್ರೆಸ್ಸು ಎಂದರೆ ದೇಶಕ್ಕೆ ಕಾನೂನು ಮಾಡುವ ಮಹಾಸಭೆ. ಯಾವ ಪಕ್ಷದವನಾದರೂ ಸರಿಯೇ, ಅದರ ಕೆಳಮನೆಗೆ ಜನರಿಂದ ಆರಿಸಲ್ಪಟ್ಟವನು ಕಾಂಗ್ರೆಸ್ಸಿನವನೆಂದು ಕರೆಯಲ್ಪಡುವನು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಸಭೆಯೊಳಗೆ ಕೂತವರಲ್ಲಿ ವಕೀಲರು ಬಹು ಮಂದಿ ಇದ್ದರು. ವಕೀಲನ ಕಸಬು ಕೇಳುವದು, ಕೇಳಿ ಬಿಡದೆ ಉತ್ತರವನ್ನು ಹೊರಡಿಸುವದು. ಇಂಥವರು ಸಭೆಗೆ ಹೋಗುವದರಲ್ಲಿ ಆಶ್ಚರ್ಯವಿಲ್ಲ.

ಅವರೆಲ್ಲರಲ್ಲಿ ನಮ್ಮವರಿಗೆ ಹೆಚ್ಚಾಗಿ ಗೊತ್ತಿರುವ ಹೆಸರು ಅಬ್ರಹಾಂ ಲಿಂಕನನದು. ಆತನು 1809ರಲ್ಲಿ ಕೆಂಟಕಿ ಎಂಬ ಸೀಮೆಯಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಗುಡಿಸಲಿನಲ್ಲಿ ಹುಟ್ಟಿದನು. ಶಾಲೆಯಲ್ಲಿ ಕೂತು ಕಲಿತದ್ದು ಎಲ್ಲಾ ಸೇರಿ ಒಂದು ವರುಷವೂ ಆಗಲಿಲ್ಲ. ನ್ಯಾಯಶಾಸ್ತ್ರವನ್ನು ತಾನೇ ಓದಿಕೊಂಡು 1836ರಲ್ಲಿ ವಕೀಲನಾದನು. ಆತನು ಗುಲಾಮಗಿರಿಯನ್ನು ಮುರಿದ ರಾಷ್ಟ್ರಾಧ್ಯಕ್ಷನೆಂಬದನ್ನು ಎಲ್ಲರೂ ಬಲ್ಲರು. ಅದಕ್ಕೆ ಬಹಳ ಮುಂಚೆ, 1847ರಿಂದ 1849ರ ವರೆಗೆ, ಒಂದೇ ಒಂದು ಅವಧಿ ಆತನು ಕಾಂಗ್ರೆಸ್ಸಿನಲ್ಲಿ ಸದಸ್ಯನಾಗಿದ್ದನೆಂಬದನ್ನು ಬಲ್ಲವರು ಸ್ವಲ್ಪ ಮಂದಿ. ಆ ಕಾಲದ ಒಂದು ಸಂಗತಿಯು ಈ ಪಾಠಕ್ಕೆ ಬೇಕಾಗಿದೆ.

1846ರಲ್ಲಿ ಅಮೆರಿಕಾಕ್ಕೂ ಅದರ ನೆರೆಯ ಮೆಕ್ಸಿಕೋ ದೇಶಕ್ಕೂ ಯುದ್ಧ ಹುಟ್ಟಿತು. ಮೆಕ್ಸಿಕೋದವರು ನಮ್ಮ ನೆಲದ ಮೇಲೆ ನಮ್ಮವರ ರಕ್ತವನ್ನು ಸುರಿಸಿದರು, ಆದಕಾರಣ ಯುದ್ಧ ಮಾಡಬೇಕಾಯಿತು ಎಂದು ಅಧ್ಯಕ್ಷನಾದ ಪೋಕ್ ಎಂಬವನು ಹೇಳಿದ್ದನು. ಸಭೆಗೆ ಹೊಸದಾಗಿ ಬಂದ ಲಿಂಕನನು 1847ನೆಯ ಡಿಸೆಂಬರ್ 22ರಲ್ಲಿ ಎಂಟು ಪ್ರಶ್ನೆಗಳನ್ನು ಸಭೆಯ ಮುಂದೆ ಇಟ್ಟನು. ಅವುಗಳ ಸಾರವು ಇಷ್ಟೇ: ರಕ್ತವು ಬಿದ್ದ ಆ ಸ್ಥಳವು ಯಾವದು? ಅದು ಆಗ ಯಾರ ಸ್ವಾಧೀನದಲ್ಲಿತ್ತು? ಅಲ್ಲಿ ವಾಸವಾಗಿದ್ದ ಜನರು ಯಾರ ಆಳಿಕೆಗೆ ಒಳಪಟ್ಟಿದ್ದರು? ನಮ್ಮ ಹಳ್ಳಿಗಳಲ್ಲಿ ಎಲ್ಲೆಕಲ್ಲಿನ ವ್ಯಾಜ್ಯ ಬಂದಾಗ ಸರ್ವೇ ನಂಬರನ್ನು ಕೇಳುವ ವಕೀಲನ ಹಾಗೆಯೇ ಆತನು ದೇಶದ ಅಧ್ಯಕ್ಷನನ್ನು ಕೇಳಿದನು.

ಜವಾಬು ಬರಲಿಲ್ಲ. ಸಭೆಯು ಆ ಪ್ರಶ್ನೆಗಳನ್ನು ಅಂಗೀಕರಿಸಲೂ ಇಲ್ಲ, ಅಧ್ಯಕ್ಷನು ಅವುಗಳಿಗೆ ಉತ್ತರ ಕೊಡಲೂ ಇಲ್ಲ. ವಿರೋಧಿಗಳು ಆತನನ್ನು ಹಾಸ್ಯ ಮಾಡಿದರು. ಅವಧಿ ಮುಗಿದ ಮೇಲೆ ಲಿಂಕನನು ತನ್ನ ಊರಿಗೆ ಬಂದು ವಕೀಲಿಯನ್ನು ಪುನಃ ಹಿಡಿದನು. ಅಧ್ಯಕ್ಷನು ಹೀಗೆ ಸುಮ್ಮನಿರುವದಕ್ಕೆ ಆದದ್ದು ಹೇಗೆ? ಯಾಕಂದರೆ ಅಮೆರಿಕಾದ ರಾಜ್ಯಾಂಗದಲ್ಲಿ ಅಧ್ಯಕ್ಷನು ನಾಲ್ಕು ವರುಷಗಳಿಗೆ ಆರಿಸಲ್ಪಡುವನು. ಕಾಂಗ್ರೆಸ್ಸಿನ ಹೆಚ್ಚು ಮಂದಿಗೆ ಆತನ ನಡತೆ ಸೇರದಿದ್ದರೂ ಆ ಕಾರಣದಿಂದ ಆತನು ಪದವಿಯನ್ನು ಬಿಡಬೇಕಾಗುವದಿಲ್ಲ. ಇಂಗ್ಲೆಂಡಿನ ಕ್ರಮವು ಬೇರೆ. ಅಲ್ಲಿ ಮಂತ್ರಿಗಳು ಸಭೆಯೊಳಗೆ ಕೂತು, ಸಭೆಯು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಸಭೆಯ ವಿಶ್ವಾಸ ತಪ್ಪಿದರೆ ಅಧಿಕಾರವೂ ತಪ್ಪುವದು. ಈ ಎರಡನೆಯ ಕ್ರಮಕ್ಕೆ ನಮ್ಮ ಹಿರಿಯರು ಜವಾಬ್ದಾರಿ ಸರ್ಕಾರ ಎಂಬ ಹೆಸರನ್ನು ಇಟ್ಟರು. ಒಳ್ಳೇ ಹೆಸರು. ಜವಾಬು ಕೊಡುವ ಭಾರವನ್ನು ಹೊತ್ತ ಸರ್ಕಾರವೆಂದು ಅದರ ಅರ್ಥ. ರೆಡ್ಡಿಯವರು ತಮ್ಮ ಯೌವನದಿಂದ ಕೇಳಿದ್ದು ಇದೊಂದನ್ನೇ.

ಹಾಗಾದರೆ ಅವರಿಗಿಂತ ಮುಂಚೆ ಮೈಸೂರಿನಲ್ಲಿ ಪ್ರಜೆಗಳ ಮಾತನ್ನು ಕೇಳುವ ಸಭೆಯೇ ಇರಲಿಲ್ಲವೋ? ಇತ್ತು. ಅದು ಇದ್ದದ್ದು ಸಂಸ್ಥಾನಕ್ಕೆ ಕೀರ್ತಿಯೇ. ಐವತ್ತು ವರುಷ ಇಂಗ್ಲಿಷರ ಕಮಿಷನರುಗಳು ಆಳಿದ ಮೇಲೆ 1881ನೆಯ ಮಾರ್ಚ್ 25ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರವರಿಗೆ ಹಿಂದಕ್ಕೆ ಕೊಡಲ್ಪಟ್ಟಿತು. ಅದೇ ವರುಷದ ಅಕ್ಟೋಬರ್ 7ರಲ್ಲಿ ದಿವಾನ್ ರಂಗಾಚಾರ್ಲುರವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ದಸರೆಯ ಕಾಲದಲ್ಲಿ ಎಲ್ಲಾ ತಾಲೂಕುಗಳಿಂದ 144 ಮಂದಿ ಮೈಸೂರಿಗೆ ಬಂದರು. ಅವರು ಭೂಮಿಯುಳ್ಳವರು ಮತ್ತು ವ್ಯಾಪಾರಸ್ಥರು. ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆ ಅದೇ ಮೊದಲು. 1907ರಲ್ಲಿ ನ್ಯಾಯವಿಧಾಯಕ ಸಭೆಯೆಂಬ ಇನ್ನೊಂದು ಸಭೆಯೂ ಬಂತು. 1923ರಲ್ಲಿ ಎರಡಕ್ಕೂ ಕೆಲವು ಹೆಚ್ಚಿನ ಹಕ್ಕುಗಳು ದೊರೆತವು.

ಆದರೆ ಆ ಸಭೆಗಳ ನಡಾವಳಿಯನ್ನು ನೋಡಿರಿ. ಕೆರೆಯ ತೂಬು ಮುರಿದಿದೆ, ದುರಸ್ತಿಯಾಗಬೇಕು ಎಂದು ಒಬ್ಬ ಪ್ರತಿನಿಧಿಯು ಹೇಳುವನು. ದಿವಾನರು ಕೇಳುವರು. ಅನುಕೂಲವಿದ್ದರೆ ಅಪ್ಪಣೆಯಾಗುವದು, ಇಲ್ಲದಿದ್ದರೆ ಇಲ್ಲ. ಸಭೆಯು ಎಷ್ಟು ಬೇಸರಪಟ್ಟರೂ ದಿವಾನರ ಹುದ್ದೆಗೆ ಅದರಿಂದ ಏನೂ ಆಗುವದಿಲ್ಲ, ಯಾಕಂದರೆ ಅವರನ್ನು ನೇಮಿಸುವವರೂ ತೆಗೆಯುವವರೂ ಮಹಾರಾಜರು. ಅದಲ್ಲದೆ ಬಹುಕಾಲದ ವರೆಗೆ ಎರಡು ಸಭೆಗಳಿಗೂ ದಿವಾನರೇ ಅಧ್ಯಕ್ಷರು. ಪ್ರಶ್ನೆಗೆ ಉತ್ತರ ಕೊಡಬೇಕಾದವರೇ ಸಭೆಯ ಪೀಠದಲ್ಲಿ ಕೂತು, ಯಾರು ಎಷ್ಟು ಹೊತ್ತು ಮಾತಾಡಬಹುದೆಂದು ಹೇಳುವರು! ದಿವಾನರಲ್ಲಿ ವಿಶ್ವೇಶ್ವರಯ್ಯನವರಂಥ ಮಹಾ ಸಮರ್ಥರು ಇದ್ದರು, ಅವರಿಂದ ನಾಡಿಗೆ ಆದ ಉಪಕಾರವನ್ನು ನಾವು ಕಡಿಮೆಮಾಡುವದಿಲ್ಲ. ಆದರೂ ಉಪಕಾರವು ಬೇರೆ, ಜವಾಬು ಬೇರೆ.

ಈ ವ್ಯತ್ಯಾಸವನ್ನು ಹಳ್ಳಿಯವರಿಗೆ ಬಹಳ ವಿವರಿಸಬೇಕಾಗಿಲ್ಲ. ತಾಲೂಕು ಕಚೇರಿಯ ಮುಂದೆ ಮರದ ನೆರಳಿನಲ್ಲಿ ಕೂತ ಅರ್ಜಿ ಬರೆಯುವವನಿಗೆ ಕಾಸು ಕೊಟ್ಟು, ಆತನು ಬರೆದದ್ದರ ಕೆಳಗೆ ಹೆಬ್ಬೆಟ್ಟು ಒತ್ತಿ, ಒಳಗೆ ಕೊಟ್ಟು, ಆಮೇಲೆ ತಿಂಗಳುಗಟ್ಟಲೆ ಬಾಗಿಲ ಬಳಿ ನಿಂತವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅರ್ಜಿ ಕೊಡುವ ಸ್ವಾತಂತ್ರ್ಯವು ಅವರಿಗೆ ಯಾವಾಗಲೂ ಇತ್ತು. ಆ ಅರ್ಜಿ ಏನಾಯಿತೆಂದು ಕೇಳುವ ಹಕ್ಕು ಇರಲಿಲ್ಲ.

ನಮ್ಮ ಸೀಮೆಯಲ್ಲಿ ಹುಟ್ಟಿದ ದೊಡ್ಡವರನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಸ್ವಾರಸ್ಯವುಂಟು. ಮಾಲೂರು ತಾಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಸಂಸ್ಥಾನದ ಅಧಿಕಾರಿಗಳಾಗಿ 1943ರ ವರೆಗೆ ಅರ್ಜಿಗಳನ್ನು ಓದುವ ಮೇಜಿನ ಆ ಕಡೆಯಲ್ಲಿ ಕೂತಿದ್ದರು. ಅರ್ಜಿ ತಂದವರ ಮುಖಗಳನ್ನು ಅವರು ಚೆನ್ನಾಗಿ ನೋಡಿದ್ದರೆಂಬದು ಅವರ ಕಥೆಗಳನ್ನು ಓದಿದವರಿಗೆ ಗೊತ್ತು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಪತ್ರಿಕೆಗಳನ್ನು ನಡಿಸಿ, ನ್ಯಾಯವಿಧಾಯಕ ಸಭೆಯ ಸದಸ್ಯರಾಗಿ, ರಾಜ್ಯವು ಹೇಗೆ ನಡೆಯಬೇಕೆಂದು ದೀರ್ಘಕಾಲ ಬರೆದರು. ಚೆಂಗಲರಾಯ ರೆಡ್ಡಿಯವರು ಕಥೆಗಾರರೂ ಅಲ್ಲ, ತತ್ವಜ್ಞರೂ ಅಲ್ಲ. ಅವರು ಪಕ್ಷ ಕಟ್ಟಿದವರು.

ಅವರು 1902ನೆಯ ಮೇ 4ರಲ್ಲಿ ಕ್ಯಾಸಂಬಳ್ಳಿ ಗ್ರಾಮದಲ್ಲಿ ಹುಟ್ಟಿದರು. ಅದು ಬಹುಕಾಲ ಬಂಗಾರಪೇಟೆ ತಾಲೂಕಿನಲ್ಲಿದ್ದು, ಈಗ ಚಿನ್ನದ ಗಣಿಯ ಹೆಸರಿನ ಹೊಸ ತಾಲೂಕಿಗೆ ಸೇರಿದೆ. ಆ ವರುಷವನ್ನು ಜ್ಞಾಪಕದಲ್ಲಿಡಿರಿ. ಅವರು ಹುಟ್ಟಿ ಎರಡು ತಿಂಗಳು ತುಂಬುವದರೊಳಗೆ, ಕಾವೇರಿಯ ಶಿವನಸಮುದ್ರದಲ್ಲಿ ಉತ್ಪತ್ತಿಯಾದ ವಿದ್ಯುಚ್ಛಕ್ತಿಯು 90 ಮೈಲಿಗೂ ಹೆಚ್ಚು ದೂರ ತಂತಿಯ ಮೇಲೆ ಬಂದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಕ್ಕೂ ಮೂರು ವರುಷ ತಡವಾಗಿ. ಇಂಗ್ಲಿಷ್ ಕಂಪೆನಿಗಳ ಯಂತ್ರಗಳಿಗೆ ಬೆಳಕೂ ಬಲವೂ ದೊರೆತವು. ಪಾಲಾರಿನ ನೀರನ್ನು ಹಿಡಿದಿಟ್ಟ ಬೇತಮಂಗಲದ ಕೆರೆಯಿಂದ ಗಣಿಗೆ ಕುಡಿಯುವ ನೀರೂ ಹೋಯಿತು. ಸುತ್ತಲಿನ ಗ್ರಾಮಗಳೋ, ಹರಳೆಣ್ಣೆಯ ದೀಪದ ಮುಂದೆಯೇ ಬಹುಕಾಲ ಕೂತಿದ್ದವು. ಹುಡುಗನಾಗಿ ಈ ದೃಶ್ಯವನ್ನು ನೋಡಿ ರೆಡ್ಡಿಯವರು ಏನೆಂದುಕೊಂಡರೋ ನಾವು ಊಹಿಸಿ ಬರೆಯುವದಿಲ್ಲ. ಅವರು ಬೆಳೆದ ಸೀಮೆ ಹೀಗಿತ್ತೆಂಬದು ಮಾತ್ರ ನಿಜ.

ನ್ಯಾಯಶಾಸ್ತ್ರದಲ್ಲಿ ಪದವಿಯನ್ನು ಹೊಂದಿದ ಮೇಲೆ ಅವರು 1930ರಲ್ಲಿ ಇತರರೊಂದಿಗೆ ಕೂಡಿ ಪ್ರಜಾಪಕ್ಷ ಎಂಬ ಪಕ್ಷವನ್ನು ಸ್ಥಾಪಿಸಿದರು. ಆಗ ಅವರಿಗೆ 28 ವರುಷ. ರೈತರ ಕಷ್ಟಗಳನ್ನು ಸರ್ಕಾರದ ಕಿವಿಗೆ ಮುಟ್ಟಿಸುವದು, ಹಳ್ಳಿಗಳಲ್ಲಿ ಬೆಂಬಲವನ್ನು ಕೂಡಿಸುವದು, ಜವಾಬ್ದಾರಿ ಸರ್ಕಾರವನ್ನು ಪಡೆಯುವದು, ಇವು ಆ ಪಕ್ಷದ ಉದ್ದೇಶಗಳು. ಅದಕ್ಕೆ ಮುಂಚೆ 1917ರಲ್ಲಿ ಪ್ರಜಾಮಿತ್ರ ಮಂಡಳಿ ಎಂಬ ಸಂಘ ಹುಟ್ಟಿತ್ತು. ಸರ್ಕಾರಿ ಉದ್ಯೋಗಗಳು ಬಹುಮಟ್ಟಿಗೆ ಬ್ರಾಹ್ಮಣರ ಪಾಲಾಗಿವೆ, ಇತರ ಜಾತಿಗಳವರಿಗೂ ಭಾಗ ದೊರೆಯಬೇಕು ಎಂಬದು ಅದರ ಬೇಡಿಕೆ. 1935ರ ಹೊತ್ತಿಗೆ ಈ ಎರಡೂ ಸೇರಿ ಪ್ರಜಾ ಸಂಯುಕ್ತ ಪಕ್ಷವಾಯಿತು, ರೆಡ್ಡಿಯವರು ಅದರ ಮುಖಂಡರಾದರು.

ಇಲ್ಲಿ ಒಂದು ದೊಡ್ಡ ಪ್ರಶ್ನೆ ಎದುರಾಯಿತು. ಮೈಸೂರಿನ ಕಾಂಗ್ರೆಸ್ಸನ್ನು ಆ ದಿನಗಳಲ್ಲಿ ಹಳ್ಳಿಯವರು ಪಟ್ಟಣದ ಓದಿದವರ, ಅದರಲ್ಲಿಯೂ ಬ್ರಾಹ್ಮಣರ ಸಂಘವೆಂದು ಎಣಿಸಿ ದೂರವಿದ್ದರು. ಕಾಂಗ್ರೆಸ್ಸಿನವರು ಸಂಯುಕ್ತ ಪಕ್ಷದವರನ್ನು ಜಾತಿಯ ಲೆಕ್ಕ ಹಾಕುವವರೆಂದು ಹೇಳುತ್ತಿದ್ದರು. ಎರಡು ಮಾತುಗಳಲ್ಲಿಯೂ ಸ್ವಲ್ಪ ಸ್ವಲ್ಪ ನಿಜವಿತ್ತು. ಪ್ರತ್ಯೇಕವಾಗಿ ಕೇಳಿದರೆ ದಿವಾನರು ಇಬ್ಬರಿಗೂ ಬೇರೆ ಬೇರೆ ಸಮಾಧಾನ ಹೇಳಿ ಕಳುಹಿಸುವದು ಸುಲಭ. 1937ನೆಯ ಅಕ್ಟೋಬರಿನಲ್ಲಿ ಸಂಯುಕ್ತ ಪಕ್ಷವು ಕಾಂಗ್ರೆಸ್ಸಿನಲ್ಲಿ ಸೇರಿಹೋಯಿತು. ರೆಡ್ಡಿಯವರು ಮೈಸೂರು ಕಾಂಗ್ರೆಸ್ಸಿಗೆ ಅಧ್ಯಕ್ಷರಾದರು. ನಮ್ಮ ಎಣಿಕೆಯಲ್ಲಿ ಅವರ ಜೀವಮಾನದ ಕೆಲಸಗಳಲ್ಲೆಲ್ಲಾ ಇದೇ ದೊಡ್ಡದು. ಮುಖ್ಯಮಂತ್ರಿ ಪದವಿಯು ಇದರ ಫಲ. ತನ್ನ ಸ್ವಂತ ಪಕ್ಷವನ್ನು, ಅದರ ಹೆಸರನ್ನು, ಅದರಲ್ಲಿನ ತನ್ನ ಮೊದಲನೆಯ ಸ್ಥಾನವನ್ನು ಬಿಟ್ಟು, ನಿನ್ನೆಯ ವರೆಗೆ ಎದುರು ನಿಂತವರೊಡನೆ ಒಂದೇ ಚಾಪೆಯ ಮೇಲೆ ಕೂತುಕೊಳ್ಳುವದು ಎಷ್ಟು ಕಷ್ಟವೆಂಬದನ್ನು ಊರ ಪಂಚಾಯಿತಿಯನ್ನು ನೋಡಿದವರು ಬಲ್ಲರು.

ಸೇರಿದ ಆರು ತಿಂಗಳಲ್ಲಿ ಅದರ ಪರೀಕ್ಷೆ ಬಂತು. 1938ನೆಯ ಏಪ್ರಿಲಿನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಕೂಡಿ, ಸರ್ಕಾರವು ಬೇಡವೆಂದ ಧ್ವಜವನ್ನು ಹಾರಿಸಿತು. ಅದೇ ತಿಂಗಳ 25ರಲ್ಲಿ, ಆಗ ಕೋಲಾರ ಜಿಲ್ಲೆಗೂ ಈಗ ಚಿಕ್ಕಬಳ್ಳಾಪುರ ಜಿಲ್ಲೆಗೂ ಸೇರಿರುವ ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ, ನಿಷೇಧವನ್ನು ಮೀರಿ ಕೂಡಿದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯನ್ನು ಊರವರು ಸರ್ಕಾರದವರು ಹೇಳಿದ್ದಕ್ಕಿಂತ ಬಹಳ ಹೆಚ್ಚಾಗಿ ಹೇಳಿದರು. ಸತ್ತವರು ನಮ್ಮ ಹಾಗೆಯೇ ಹಳ್ಳಿಯ ಜನರು. ಗಾಂಧಿಯವರ ಕಡೆಯಿಂದ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್‌ರವರ ಸಂಗಡ ಮಾತಾಡಿದರು. ಮೇ ತಿಂಗಳಲ್ಲಿ ಒಪ್ಪಂದವಾಯಿತು. ಸರ್ಕಾರವು ಮೈಸೂರು ಕಾಂಗ್ರೆಸ್ಸನ್ನು ಒಂದು ಸಂಸ್ಥೆಯಾಗಿ ಒಪ್ಪಿಕೊಂಡಿತು. ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಬಹುದಾಯಿತು. ಕೇಳಿದ್ದು ಇನ್ನೂ ದೊರೆಯಲಿಲ್ಲ, ಆದರೆ ಕೇಳುವವರು ಯಾರೆಂಬದನ್ನು ಸರ್ಕಾರವು ಇನ್ನು ಮೇಲೆ ಅಲ್ಲಗಳೆಯುವ ಹಾಗಿರಲಿಲ್ಲ.

ಅನಂತರದ ಎಂಟೊಂಬತ್ತು ವರುಷಗಳನ್ನು ಶೀಘ್ರವಾಗಿ ದಾಟುವೆವು. ಹೊಸ ಶಾಸನದ ಪ್ರಕಾರ ಚುನಾಯಿತರಾದ ಕೆಲವರು ಮಂತ್ರಿಗಳಾದರೂ ಅವರು ಉತ್ತರ ಕೊಡಬೇಕಾದದ್ದು ಮಹಾರಾಜರಿಗೇ, ಸಭೆಗೆ ಅಲ್ಲ. 1942ರ ಚಳವಳಿಯಲ್ಲಿ ಸೆರೆಮನೆಗಳು ತುಂಬಿದವು. 1946ನೆಯ ನವೆಂಬರ್ 4ರಲ್ಲಿ ಚಿನ್ನದ ಗಣಿಯ ಕಾರ್ಮಿಕರ ಮೇಲೆ ಗುಂಡು ಹಾರಿ ಆರು ಮಂದಿ ಸತ್ತರು. ಆ ಗಣಿಗಳಲ್ಲಿ ನೆಲದ ಕೆಳಗೆ ಮೈಲಿಗಟ್ಟಲೆ ಆಳಕ್ಕೆ ಇಳಿದವರಲ್ಲಿ ಹೆಚ್ಚು ಮಂದಿ, ಊರೊಳಗೆ ಬಾವಿಯ ನೀರನ್ನು ಮುಟ್ಟಗೊಡದ ಜಾತಿಗಳವರೇ ಎಂಬದನ್ನು ನಮ್ಮ ಸಭೆಗಳವರಿಗೆ ಹೇಳಬೇಕಾಗಿಲ್ಲ. ರೆಡ್ಡಿಯವರು 1946ರಲ್ಲಿ ಎರಡನೆಯ ಸಾರಿ ಮೈಸೂರು ಕಾಂಗ್ರೆಸ್ಸಿಗೆ ಅಧ್ಯಕ್ಷರಾದರು.

ಈಗ 1947ನೆಯ ವರುಷ. ಲಿಂಕನನು ತನ್ನ ಎಂಟು ಪ್ರಶ್ನೆಗಳನ್ನು ಕೇಳಿ ಸರಿಯಾಗಿ ನೂರು ವರುಷ. ಆಗಸ್ಟಿನಲ್ಲಿ ಮಹಾರಾಜ ಜಯಚಾಮರಾಜ ಒಡೆಯರವರು ಭಾರತಕ್ಕೆ ಸೇರುವ ಪತ್ರಕ್ಕೆ ರುಜು ಹಾಕಿದರು. 15ನೆಯ ತಾರೀಖು ದೇಶವೆಲ್ಲಾ ಸ್ವತಂತ್ರವಾಯಿತು. ಆದರೆ ಮೈಸೂರಿನಲ್ಲಿ ದಿವಾನರು ದಿವಾನರಾಗಿಯೇ ಇದ್ದರು, ಸಭೆಯು ಮುಂಚಿನ ಹಾಗೆಯೇ ಅರ್ಜಿಯ ಸಭೆಯಾಗಿತ್ತು. ದೆಹಲಿಯಲ್ಲಿ ಜನರ ಮಂತ್ರಿಗಳು, ಇಲ್ಲಿ ಅರಮನೆಯ ಮಂತ್ರಿಗಳು. ಸೆಪ್ಟೆಂಬರ್ 1ರಿಂದ ಕಾಂಗ್ರೆಸ್ಸು ಮೈಸೂರು ಚಲೋ ಎಂಬ ಸತ್ಯಾಗ್ರಹವನ್ನು ಆರಂಭಿಸಿತು. ಮುಖಂಡರು ಹಿಡಿಯಲ್ಪಟ್ಟರು. ವಿದ್ಯಾರ್ಥಿಗಳು ಶಾಲೆಗಳನ್ನು ಬಿಟ್ಟರು, ಕಾರ್ಮಿಕರು ಕೆಲಸ ನಿಲ್ಲಿಸಿದರು. ತಾಲೂಕು ಕಚೇರಿಗಳ ಮುಂದೆ, ಅಂದರೆ ನಾವು ಮೇಲೆ ಹೇಳಿದ ಆ ಅರ್ಜಿಯ ಬಾಗಿಲುಗಳ ಮುಂದೆಯೇ, ಜನರು ಗುಂಪಾಗಿ ನಿಂತರು. ಈ ಸಾರಿ ಅವರ ಕೈಯಲ್ಲಿ ಅರ್ಜಿ ಇರಲಿಲ್ಲ. ಕೆಲವು ಕಡೆ ಗುಂಡು ಹಾರಿ ಪ್ರಾಣಗಳು ಹೋದವು.

ಸುಮಾರು ನಲವತ್ತು ದಿನಗಳಾದ ಮೇಲೆ, ಅಕ್ಟೋಬರ್ 12ರಲ್ಲಿ, ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರಿಗೂ ರೆಡ್ಡಿಯವರಿಗೂ ಒಪ್ಪಂದವಾಯಿತು. ಇಲ್ಲಿ ವಕೀಲರ ಗುಣವು ಕಾಣುತ್ತದೆ. ಎಲ್ಲಾ ಈಗಲೇ ಬೇಕೆಂದು ಹಟ ಹಿಡಿದು ರಾಜಿಯನ್ನು ಮುರಿಯಲಿಲ್ಲ. ಕಾಂಗ್ರೆಸ್ಸಿನವರು ಹೆಚ್ಚಾಗಿದ್ದು ಇತರರೂ ಸೇರಿದ ಮಂತ್ರಿಮಂಡಲಕ್ಕೆ ಒಪ್ಪಿದರು. ದಿವಾನರ ಹುದ್ದೆಯು ಸ್ವಲ್ಪ ಕಾಲ ಉಳಿಯುವದಕ್ಕೂ ಒಪ್ಪಿದರು. ಇದು ಸಾಲದು ಎಂದು ಆಗಲೇ ಗೊಣಗಿದವರು ಇದ್ದರು. ನಮಗೆ ತೋಚುವದೇನಂದರೆ, ಮುಖ್ಯವಾದ ಒಂದನ್ನು ಅವರು ಬಿಟ್ಟುಕೊಡಲಿಲ್ಲ: ಮಂತ್ರಿಗಳು ಜನರ ಪ್ರತಿನಿಧಿಗಳ ವಿಶ್ವಾಸದಿಂದ ಇರಬೇಕು. ಅದು ಕೈಗೆ ಬಂದ ಮೇಲೆ ಉಳಿದದ್ದು ಕಾಲಕ್ರಮದಲ್ಲಿ ತಾನೇ ಬರುವದು. ಬಂದದ್ದೂ ಹಾಗೆಯೇ. ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ರೆಡ್ಡಿಯವರು ಮುಖ್ಯಮಂತ್ರಿಗಳಾದರು. 1949ನೆಯ ನವೆಂಬರ್ 25ರಲ್ಲಿ ಮಹಾರಾಜರು ಭಾರತದ ರಾಜ್ಯಾಂಗವೇ ಮೈಸೂರಿಗೂ ರಾಜ್ಯಾಂಗವೆಂದು ಪ್ರಕಟಿಸಿದರು.

ಆದರೆ ವಾಚಕರಲ್ಲಿ ಯಾರಾದರೂ ಇಲ್ಲಿ ನಮ್ಮನ್ನು ತಡೆದು, ಸ್ವಾಮಿ, ಜವಾಬು ಕೇಳಿದವರು ಯಾರು? ಭೂಮಿಯುಳ್ಳ ಒಕ್ಕಲುಗಾರರಲ್ಲವೋ? ಹೊಲೆಗೇರಿಯವರ ಹೆಸರು ಇದರಲ್ಲಿ ಎಲ್ಲಿದೆ? ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರಜಾಪಕ್ಷವು ರೈತರ ಕಷ್ಟ ಎಂದಾಗ ಕಂದಾಯ ಕೊಡುವ ರೈತನ ಕಷ್ಟವು ಮೊದಲು ಕಂಡಿತು, ಆ ರೈತನ ಹೊಲದಲ್ಲಿ ಜೀತವಿದ್ದವನ ಕಷ್ಟವು ಆಮೇಲೆ. ಹಳೇ ಪ್ರಜಾಪ್ರತಿನಿಧಿ ಸಭೆಗೆ ಮತ ಕೊಡುವ ಹಕ್ಕು ಭೂಮಿಯನ್ನೂ ಆಸ್ತಿಯನ್ನೂ ವಿದ್ಯೆಯನ್ನೂ ನೋಡಿ ಕೊಡಲ್ಪಟ್ಟಿತ್ತು. ಏನೂ ಇಲ್ಲದವರ ಪರವಾಗಿ ಮಾತಾಡುವದಕ್ಕೆ ಸರ್ಕಾರವೇ ಕೆಲವರನ್ನು ನೇಮಿಸುತ್ತಿತ್ತು. ಹಾಗೆ ನೇಮಿಸಲ್ಪಟ್ಟವನು ನೇಮಿಸಿದವರನ್ನು ಗಟ್ಟಿಯಾಗಿ ಪ್ರಶ್ನಿಸುವದು ಹೇಗೆ?

ಆದದರಿಂದ ರೆಡ್ಡಿಯವರ ಚರಿತ್ರೆಯನ್ನು 1947ರಲ್ಲಿ ನಿಲ್ಲಿಸಿದರೆ ಅದು ಅರ್ಧ ಚರಿತ್ರೆ. ಅವರು ಭಾರತದ ರಾಜ್ಯಾಂಗ ರಚನಾಸಭೆಯ ಸದಸ್ಯರೂ ಆಗಿದ್ದರು. ಆ ಸಭೆಯು 1948ನೆಯ ನವೆಂಬರ್ 29ರಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡುವ ವಿಧಿಯನ್ನು ಅಂಗೀಕರಿಸಿತು. ಅದು ಈಗಿನ 17ನೆಯ ವಿಧಿ. ಮರುದಿನ ಸರ್ಕಾರಿ ಉದ್ಯೋಗಗಳಲ್ಲಿ ಹಿಂದುಳಿದವರಿಗೆ ಸ್ಥಾನವನ್ನು ಮೀಸಲಿಡುವ ಮಾತು ಬಂದಾಗ, ಹಿಂದುಳಿದವರೆಂದರೆ ಯಾರೆಂದು ಉತ್ತರದ ಸದಸ್ಯರು ಸಂಶಯಪಟ್ಟರು. ಮೈಸೂರಿನಿಂದ ರೆಡ್ಡಿಯವರ ಜೊತೆಯಲ್ಲಿ ಹೋಗಿದ್ದ ಟಿ. ಚನ್ನಯ್ಯನವರು ಎದ್ದು, ದಕ್ಷಿಣದಲ್ಲಿ ಆ ಮಾತು ಯಾರನ್ನು ಸೂಚಿಸುತ್ತದೆಂಬದನ್ನು ವಿವರಿಸಿದರು. ನಮ್ಮ ಸಂಸ್ಥಾನದಲ್ಲಿ ಮೂವತ್ತು ವರುಷ ವಾದವಾಗಿ ಸ್ಪಷ್ಟವಾದದ್ದು ಹೀಗೆ ಇಡೀ ದೇಶದ ಸಭೆಗೆ ಪ್ರಯೋಜನವಾಯಿತು.

ಎಲ್ಲದಕ್ಕಿಂತ ದೊಡ್ಡ ಬದಲಾವಣೆಯು ಮತದಾನದಲ್ಲಿ ಆಯಿತು. ಹೊಸ ರಾಜ್ಯಾಂಗವು 21 ವರುಷ ತುಂಬಿದ ಎಲ್ಲಾ ಸ್ತ್ರೀಪುರುಷರಿಗೂ ಮತವನ್ನು ಕೊಟ್ಟಿತು. ಆ ವಯಸ್ಸು ಈಗ 18. ಕಂದಾಯದ ರಶೀದಿ ಕೇಳಲಿಲ್ಲ, ಓದುಬರಹ ಕೇಳಲಿಲ್ಲ. 1951-52ರಲ್ಲಿ ಮೊದಲನೆಯ ಮಹಾಚುನಾವಣೆ ನಡೆದಾಗ, ಅರ್ಜಿಯ ಕೆಳಗೆ ಒತ್ತುತ್ತಿದ್ದ ಬೆರಳಿಗೆ ಮಸಿಯ ಗುರುತು ಹಾಕಿಸಿಕೊಂಡು, ಬರೆಯಲು ಬಾರದ ನಮ್ಮ ತಾತಂದಿರೂ ಅಜ್ಜಿಯರೂ ಪೆಟ್ಟಿಗೆಯಲ್ಲಿ ಚೀಟಿ ಹಾಕಿದರು. ಪ್ರತಿಯೊಬ್ಬ ಅಭ್ಯರ್ಥಿಗೂ ಚಿತ್ರದ ಗುರುತಿದ್ದ ಬೇರೆ ಪೆಟ್ಟಿಗೆ ಇತ್ತಾದಕಾರಣ ಓದುಬಾರದವರಿಗೆ ತೊಡಕಾಗಲಿಲ್ಲ.

ಆ ಚುನಾವಣೆಯಾದ ಮೇಲೆ 1952ನೆಯ ಮಾರ್ಚ್ 30ರಲ್ಲಿ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾದರು. ಅವರಿಗೂ ರೆಡ್ಡಿಯವರಿಗೂ ಪಕ್ಷದೊಳಗೆ ಸ್ಪರ್ಧೆ ಇದ್ದದ್ದು ಗುಟ್ಟಲ್ಲ. ಜನರ ವಿಶ್ವಾಸದಿಂದ ಬಂದ ಪದವಿಯು ವಿಶ್ವಾಸವು ಬೇರೆ ಕಡೆಗೆ ತಿರುಗಿದಾಗ ಹೋಗುವದೆಂಬ ನಿಯಮವನ್ನು ತಂದವರಿಗೇ ಅದು ಮೊದಲು ತಗಲಿತು. ರೆಡ್ಡಿಯವರು ದೆಹಲಿಗೆ ಹೋಗಿ ರಾಜ್ಯಸಭೆಯ ಸದಸ್ಯರೂ ಕೇಂದ್ರದಲ್ಲಿ ಉತ್ಪಾದನೆಯ ಮಂತ್ರಿಗಳೂ ಆದರು. ಆಮೇಲೆ ಕಟ್ಟಡಗಳು, ವಸತಿ, ಸರಬರಾಯಿ, ಕೊನೆಯಲ್ಲಿ ವಾಣಿಜ್ಯ ಮತ್ತು ಕೈಗಾರಿಕೆ, ಹೀಗೆ 1963ರ ವರೆಗೆ ಮಂತ್ರಿಗಳಾಗಿದ್ದರು.

1957ರಲ್ಲಿ ಅವರು ಕೋಲಾರದಿಂದಲೇ ಲೋಕಸಭೆಗೆ ಆರಿಸಲ್ಪಟ್ಟರು. ಆ ಚುನಾವಣೆಯ ರೀತಿಯನ್ನು ಈಗಿನ ಯೌವನಸ್ಥರು ತಿಳಿಯರು. ಆಗ ಕೋಲಾರವು ಇಬ್ಬರು ಸದಸ್ಯರ ಕ್ಷೇತ್ರ. ಒಂದು ಸ್ಥಾನವು ಎಲ್ಲರಿಗೂ, ಇನ್ನೊಂದು ಪರಿಶಿಷ್ಟ ಜಾತಿಯವರಿಗೆ ಮೀಸಲು. ಪ್ರತಿಯೊಬ್ಬ ಮತದಾರನಿಗೆ ಎರಡು ಮತ. ಕ್ಯಾಸಂಬಳ್ಳಿಯ ರೆಡ್ಡಿಯವರೂ ಪರಿಶಿಷ್ಟ ಜಾತಿಯ ದೊಡ್ಡತಿಮ್ಮಯ್ಯನವರೂ ಒಂದೇ ಕ್ಷೇತ್ರದಿಂದ, ಅದೇ ಜನರ ಮತದಿಂದ, ದೆಹಲಿಗೆ ಹೋದರು. ಮಾಜಿ ಮುಖ್ಯಮಂತ್ರಿಯ ಚೀಟಿಗೂ ದೊಡ್ಡತಿಮ್ಮಯ್ಯನವರ ಚೀಟಿಗೂ ಎಣಿಕೆಯಲ್ಲಿ ವ್ಯತ್ಯಾಸವಿರಲಿಲ್ಲ. ಇಬ್ಬರು ಸದಸ್ಯರ ಕ್ಷೇತ್ರಗಳನ್ನು 1961ರಲ್ಲಿ ತೆಗೆದುಹಾಕಿದರು. ಈಗ ಕೋಲಾರದ ಲೋಕಸಭಾ ಸ್ಥಾನವು ಪರಿಶಿಷ್ಟ ಜಾತಿಯವರಿಗೆ ಮೀಸಲಾದ ಏಕಸದಸ್ಯ ಸ್ಥಾನ.

ಅವರ ವೃದ್ಧಾಪ್ಯದ ಒಂದು ಸಂಗತಿಯನ್ನು ಹೇಳದೆ ಬಿಡಲಾರೆವು. 1965ರಲ್ಲಿ ಅವರು ಮಧ್ಯಪ್ರದೇಶದ ರಾಜ್ಯಪಾಲರಾಗಿ ನೇಮಿಸಲ್ಪಟ್ಟು 1971ರ ವರೆಗೆ ಅಲ್ಲಿದ್ದರು. ಈಗ ಅವರು ಕೂತದ್ದು ಮಹಾರಾಜರು ಕೂತಿದ್ದಂಥ ಪೀಠದಲ್ಲಿ. 1967ನೆಯ ಜುಲೈ ತಿಂಗಳಲ್ಲಿ ಅಲ್ಲಿಯ ಕಾಂಗ್ರೆಸ್ ಮುಖ್ಯಮಂತ್ರಿ ದ್ವಾರಕಾ ಪ್ರಸಾದ ಮಿಶ್ರರ ಪಕ್ಷದಿಂದ 36 ಮಂದಿ ಶಾಸಕರು ಎದ್ದು ಎದುರಿನ ಕಡೆಗೆ ಹೋದರು. ಮಿಶ್ರರ ಸರ್ಕಾರವು ಬಿದ್ದಿತು. ಹೊರಗೆ ಹೋದವರ ಮುಖಂಡರಾದ ಗೋವಿಂದ ನಾರಾಯಣ ಸಿಂಗರು ಜುಲೈ 30ರಲ್ಲಿ ರೆಡ್ಡಿಯವರ ಮುಂದೆ ಮುಖ್ಯಮಂತ್ರಿಯ ಪ್ರಮಾಣ ಮಾಡಿದರು. ಪಕ್ಷ ಬಿಟ್ಟವರ ಉದ್ದೇಶವು ಶುದ್ಧವಾಗಿತ್ತೆಂದು ಹೇಳಲಾರೆವು, ಅದರಲ್ಲಿ ಪದವಿಯ ಆಶೆಯೂ ಇತ್ತು. ಬಿದ್ದದ್ದು ರೆಡ್ಡಿಯವರು ತಮ್ಮ ಪ್ರಾಯವನ್ನೆಲ್ಲಾ ಸವೆಸಿದ ಪಕ್ಷದ ಸರ್ಕಾರವೇ. ಆದರೂ ಸಭೆಯಲ್ಲಿ ಹೆಚ್ಚು ಮಂದಿ ಯಾರ ಕಡೆಗಿರುವರೋ ಅವರು ಆಳತಕ್ಕದ್ದೆಂಬ ಆ ಹಳೇ ಬೇಡಿಕೆಯೇ ಭೋಪಾಲಿನಲ್ಲಿ ಅವರ ಮೇಜಿನ ಮೇಲೆ ಬಂದು ಕೂತಿತು.

ರೆಡ್ಡಿಯವರು 1976ನೆಯ ಫೆಬ್ರವರಿ 27ರಲ್ಲಿ ತೀರಿಹೋದರು. ಅವರು ಪಡೆದುಕೊಟ್ಟ ಮೈಸೂರು ರಾಜ್ಯದ ಹೆಸರು 1973ರಲ್ಲಿಯೇ ಕರ್ನಾಟಕವೆಂದು ಬದಲಾಗಿತ್ತು. ಅವರು ಸಾಯುವ ಹೊತ್ತಿಗೆ ದೇಶದಲ್ಲಿ ತುರ್ತುಪರಿಸ್ಥಿತಿಯಿದ್ದು, ಪತ್ರಿಕೆಗಳ ಬಾಯಿ ಕಟ್ಟಲ್ಪಟ್ಟಿತ್ತು, ವಿರೋಧ ಪಕ್ಷಗಳ ಮುಖಂಡರು ಸೆರೆಯಲ್ಲಿದ್ದರು. ಅವಧಿ ಮುಗಿಯುತ್ತಿದ್ದ ಲೋಕಸಭೆಯ ಆಯುಸ್ಸನ್ನು ಅದೇ ಫೆಬ್ರವರಿ ತಿಂಗಳಲ್ಲಿ ಒಂದು ವರುಷ ಮುಂದಕ್ಕೆ ಹಾಕಿದ್ದರು. ಬೆರಳಿಗೆ ಮಸಿ ಹಾಕಿಸಿಕೊಂಡು ಜವಾಬು ಕೇಳುವ ಸಮಯವು ಜನರಿಗೆ ಮತ್ತೆ ಬಂದದ್ದು 1977ನೆಯ ಮಾರ್ಚಿನಲ್ಲಿ.